ದಾಟಬಾರದ ನೀರು

‘ಕೈ ಎಲ್ಲಿ ಬಿಟ್ಟೆ?’ ಎಂದು ನನ್ನನ್ನು ಕೇಳಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಕೇಳಿದರೇ ಎಂಬುದೂ ಖಚಿತವಿಲ್ಲ. ೧೯೮೭ರ ಶಿವರಾತ್ರಿಯ ಮಧ್ಯಾಹ್ನ ಕಲ್ಯಾಣದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕುಳಿತಿದ್ದೆ. ಆರು ವರ್ಷದ ಮಗಳು ಚಿತ್ರಾ ಕಾಣೆಯಾಗಿದ್ದಳು. ಆಗ ಈ ಮಾತು ಕನ್ನಡದಲ್ಲಿ, ನನ್ನ ಎಡಗಿವಿಯ ಹತ್ತಿರ ಕೇಳಿಸಿತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅದೇ ದಿನ ಅದೇ ನೆನಪು ನನಗೆ ಒಂದು ದೊಡ್ಡ ಸುಳ್ಳು ಹೇಳಿತ್ತು. ಒಮ್ಮೆ ಸುಳ್ಳು ಹೇಳಿದ ಸಾಕ್ಷಿಯನ್ನು ಎರಡನೆಯ ಸಲ ಎಷ್ಟು ನಂಬಬೇಕು? ಆದ್ದರಿಂದ ನನಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೇರೆಬೇರೆಯಾಗಿಯೇ ಬರೆಯಲು ಪ್ರಯತ್ನಿಸುತ್ತೇನೆ. ಭಕ್ತರ ಅನುಭವಗಳ ಈ ಅಂಕಣದಲ್ಲಿ ಇಷ್ಟು ಅನುಮಾನ ಯಾಕೆ ಎಂದು ನಿಮಗೆ ಅನ್ನಿಸಬಹುದು. ‘ಅನುಮಾನಾನೂ ಬರಿ, ಶಿವ ಏನೂ ಬೇಜಾರು ಮಾಡ್ಕೊಳ್ಳಲ್ಲ’ ಎಂದವರು ನನ್ನ ಅಮ್ಮ.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದಿ ಮುಂಬಯಿಗೆ ಬಂದವನು. ಚೆಂಬೂರಿನ ಕಾಲೊನಿಯಲ್ಲಿ ಮನೆ, ಹತ್ತಿರದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಒಂದೇ ದ್ರಾವಣವನ್ನು ಮೂರು ಸಲ ಪರೀಕ್ಷಿಸದೆ ಸಹಿ ಹಾಕದವನು. ಕಾಲೇಜಿನ ದಿನಗಳಿಂದಲೂ ದೇವರ ವಿಷಯದಲ್ಲಿ ವಾದ ಮಾಡುವುದು ನನಗೊಂದು ಚಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಂಜನಗೂಡಿನಿಂದ ನಮ್ಮ ಜೊತೆಗೆ ಬಂದರು. ಬಂದ ತಿಂಗಳಲ್ಲೇ ಸೋಮವಾರದ ಪೂಜೆಗೆ ಒಂದು ಶಿವನ ಗುಡಿ ಬೇಕು ಎಂದರು. ಕಾಲೊನಿಯ ಭಜನೆಯ ಹೆಂಗಸರು ಹೇಳಿದ್ದು ಕಲ್ಯಾಣದ ಆಚೆ, ಒಂದು ಹಳ್ಳದ ದಂಡೆಯಲ್ಲಿರುವ ಹಳೆಯ ಕಲ್ಲಿನ ಶಿವಾಲಯ. ಊರಿನವರು ಅದನ್ನು ‘ಜುನಾ ಮಹಾದೇವ’, ಅಂದರೆ ಹಳೆಯ ಮಹಾದೇವ, ಎಂದು ಕರೆಯುತ್ತಾರೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದು. ಶಿಖರದ ತುದಿ ಮುರಿದಿದೆ. ಗೋಡೆಯ ಮೇಲಿನ ಮೂರ್ತಿಗಳ ಮುಖಗಳು ಮಳೆಗೆ ಸವೆದು, ಯಾವುದು ಯಾರೆಂದು ಹೇಳುವುದು ಕಷ್ಟ.

ಅಲ್ಲಿ ಅಮ್ಮನಿಗೆ ಹಿಡಿಸಿದ ಸಂಗತಿ ಒಂದೇ. ನಮ್ಮ ಕಡೆ ಗರ್ಭಗುಡಿಗೆ ಅರ್ಚಕರ ಹೊರತು ಯಾರೂ ಹೋಗುವುದಿಲ್ಲ. ಇಲ್ಲಿ ಹಾಗಲ್ಲ. ಯಾರು ಬೇಕಾದರೂ ಒಳಗೆ ಹೋಗಿ, ತಮ್ಮ ಕೈಯಿಂದಲೇ ಲಿಂಗಕ್ಕೆ ನೀರೆರೆದು, ಬಿಲ್ವ ಇಟ್ಟು, ಮುಟ್ಟಿ ನಮಸ್ಕರಿಸಬಹುದು. ಮೊದಲ ದಿನ ಲಿಂಗವನ್ನು ಮುಟ್ಟಿದ ಕೈಯನ್ನು ಅಮ್ಮ ಸಂಜೆಯವರೆಗೂ ಯಾವುದಕ್ಕೂ ತಾಗಿಸಲಿಲ್ಲ. ಲೋಕಲ್ ರೈಲಿನಲ್ಲಿ ಕಂಬ ಕೂಡ ಹಿಡಿಯದೆ ನಿಂತಿದ್ದರು. ನಾನು ಅವರನ್ನು ಹಿಡಿದುಕೊಂಡಿದ್ದೆ, ಮತ್ತು ದಾರಿಯುದ್ದಕ್ಕೂ ಛೇಡಿಸಿದ್ದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಶಿವನಿಗೆ ಎರೆದ ನೀರು ಗೋಡೆಯಲ್ಲಿನ ಕಲ್ಲಿನ ಬಾಯಿಯಿಂದ ಹೊರಗೆ ಹರಿಯುತ್ತದಲ್ಲ, ಅದು ಸೋಮಸೂತ್ರ. ಅದನ್ನು ದಾಟಬಾರದು. ಸುತ್ತು ಬರುವವರು ಆ ನೀರಿನವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಬದಿಯಿಂದ ಮತ್ತೆ ಆ ನೀರಿನವರೆಗೆ ಬಂದು, ಮತ್ತೆ ಹಿಂದಿರುಗಬೇಕು. ಇದು ನಿಮಗೆಲ್ಲ ಗೊತ್ತಿರುವುದೇ. ಅಮ್ಮ ಇದನ್ನು ಚಿತ್ರಾಳಿಗೆ ಆಟದಂತೆ ಕಲಿಸಿದ್ದರು. ಅಡುಗೆಮನೆಯಲ್ಲಿ ಒಂದು ಸ್ಟೂಲು ಇಟ್ಟು, ಒದ್ದೆ ಬಟ್ಟೆಯಿಂದ ನೆಲದ ಮೇಲೆ ಗೆರೆ ಎಳೆದು, ಅಜ್ಜಿ ಮೊಮ್ಮಗಳು ಸ್ಟೂಲಿಗೆ ಅರ್ಧ ಅರ್ಧ ಸುತ್ತು ಹಾಕುತ್ತಿದ್ದರು. ನಾನು ಪೇಪರ್ ಓದುತ್ತಾ ನಗುತ್ತಿದ್ದೆ.

ನಾನು ಕಲಿಸಿದ್ದು ಬೇರೆ ಪಾಠ. ದಾದರ್ ಸ್ಟೇಷನ್ನಿನ ಜನಸಂದಣಿ ನೋಡಿದ ಯಾವ ತಂದೆಯೂ ಕಲಿಸುವಂಥದ್ದು. ಎಲ್ಲಾದರೂ ಕೈ ತಪ್ಪಿದರೆ ಹುಡುಕಿಕೊಂಡು ಹೋಗಬೇಡ, ಕೈ ಬಿಟ್ಟ ಜಾಗದಲ್ಲೇ ನಿಲ್ಲು, ನಾನೇ ಬರುತ್ತೇನೆ.

ಆ ಶಿವರಾತ್ರಿ ನಾನು, ಹೆಂಡತಿ, ಅಮ್ಮ, ಚಿತ್ರಾ ನಾಲ್ಕೂ ಜನ ಬೆಳಗ್ಗೆ ಚೆಂಬೂರಿನಿಂದ ಹೊರಟು ಕುರ್ಲಾದಲ್ಲಿ ಗಾಡಿ ಬದಲಿಸಿ ಕಲ್ಯಾಣಕ್ಕೆ ಹೋದೆವು. ಅಲ್ಲಿಂದ ಹಬ್ಬಕ್ಕೆಂದು ಬಿಟ್ಟ ಬಸ್ಸು, ಅರ್ಧ ಗಂಟೆಯ ದಾರಿ. ಗುಡಿಯಲ್ಲಿ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಚಿತ್ರಾ ನನ್ನ ಸಾಲಿಗೆ ಬಂದಳು. ಬಸ್ಸಿನ ನೂಕುನುಗ್ಗಲು ನೋಡಿದ ಮೇಲೆ ನಾವು ಮುಂಬಯಿಯ ಮನೆಯವರು ಮಾಡುವ ಮಾಮೂಲು ಏರ್ಪಾಡು ಮಾಡಿಕೊಂಡೆವು: ದರ್ಶನ ಆದವರು ಆದ ಹಾಗೆ ಹೊರಡುವುದು, ಯಾರೂ ಯಾರಿಗೂ ಕಾಯುವುದು ಬೇಡ, ಕುರ್ಲಾದಲ್ಲಿ ಗಾಡಿಗಳ ಸಮಯ ತೋರಿಸುವ ಇಂಡಿಕೇಟರ್ ಕೆಳಗೆ ಸೇರುವುದು. ಮಗು ಯಾರ ಜೊತೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪ್ರತಿಯೊಬ್ಬರಿಗೂ ಅದು ಗೊತ್ತಿರುವ ವಿಷಯವೆನಿಸಿತ್ತು.

ಕುರ್ಲಾ ತಲುಪಿದಾಗ ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ. ಕಲ್ಯಾಣದಲ್ಲಿ ಹೆಂಡತಿ ವಿಮಲಾ ಮತ್ತು ಅಮ್ಮ ಅದೇ ಗಾಡಿಯ ಹೆಂಗಸರ ಡಬ್ಬಿ ಹತ್ತಿದ್ದನ್ನು ನಾನು ದೂರದಿಂದ ನೋಡಿ ಕೈ ಬೀಸಿದ್ದೆ. ಇಂಡಿಕೇಟರ್ ಕೆಳಗೆ ಅವರಿಬ್ಬರೂ ಬಂದರು. ವಿಮಲಾ ನನ್ನ ಹಿಂದೆ ನೋಡಿದಳು, ಆಮೇಲೆ ನನ್ನ ಪಕ್ಕ ನೋಡಿದಳು.

“ಚಿತ್ರಾ?”

“ನಿಮ್ಮ ಜೊತೆ ಇದ್ದಾಳಲ್ಲ.”

“ನಮ್ಮ ಜೊತೆ ಎಲ್ಲಿ? ನೀವಲ್ವಾ ಕರ್ಕೊಂಡು ಬಂದಿದ್ದು?”

ಆಗ ನಡೆದದ್ದನ್ನು ನಾನು ಅನೇಕ ವರ್ಷ ಯೋಚಿಸಿದ್ದೇನೆ. ವಿಮಲಾಳ ಮುಖ ನೋಡುತ್ತಿದ್ದಂತೆ ನನ್ನ ತಲೆಯಲ್ಲಿ ಒಂದು ಚಿತ್ರ ಬಂತು. ಕಲ್ಯಾಣದ ಪ್ಲಾಟ್‌ಫಾರ್ಮ್. ನಾನು ಚಿತ್ರಾಳ ಕಂಕುಳಿಗೆ ಕೈ ಹಾಕಿ ಹೆಂಗಸರ ಡಬ್ಬಿಯ ಬಾಗಿಲಲ್ಲಿ ಎತ್ತಿ ನಿಲ್ಲಿಸುತ್ತಿದ್ದೇನೆ. ಅವಳ ಹಳದಿ ಲಂಗ, ಅವಳ ಎಣ್ಣೆ ಹಾಕಿದ ಜಡೆ ನನ್ನ ಮೂಗಿಗೆ ತಾಗಿದ್ದು, ಒಳಗಿನಿಂದ ಒಂದು ಹೆಂಗಸಿನ ಕೈ ಅವಳನ್ನು ಹಿಡಿದುಕೊಂಡದ್ದು. ಅಷ್ಟು ಸ್ಪಷ್ಟ. ನಾನೇ ಹತ್ತಿಸಿದ್ದೇನೆ ಎಂದೆ. ಡಬ್ಬಿಯಲ್ಲಿ ನೀವು ನೋಡಿಕೊಳ್ಳಲಿಲ್ಲ ಎಂದೂ ಅಂದೆ.

ವಿಮಲಾ ಬ್ಯಾಗಿನಿಂದ ಚಿತ್ರಾಳ ಚಪ್ಪಲಿ ತೆಗೆದಳು. ಗುಡಿಯ ಹೊರಗೆ ಅವನ್ನು ತನ್ನ ಚಪ್ಪಲಿಯ ಜೊತೆ ಕಟ್ಟಿಟ್ಟಿದ್ದಳಂತೆ. ಮಗು ನನ್ನ ಜೊತೆ ಬರಿಗಾಲಿನಲ್ಲೇ ಬಂದಳೇನೋ ಎಂದುಕೊಂಡಿದ್ದಳಂತೆ. ಆ ಎರಡು ಪುಟ್ಟ ಚಪ್ಪಲಿಗಳನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಸುತ್ತ ಜನ ಹರಿದುಹೋಗುತ್ತಲೇ ಇದ್ದರು.

ಅಮ್ಮ ಮೆಲ್ಲಗೆ, “ಗುಡಿಯಲ್ಲೇ ಬಿಟ್ಟುಬಂದಿದ್ದೀಯೇನೋ ನೋಡು ಮಗು,” ಎಂದರು.

“ನನ್ನ ಈ ಕೈಯಿಂದ ಹತ್ತಿಸಿದ್ದೀನಿ ಅಂತ ಹೇಳ್ತಿಲ್ವೇನಮ್ಮಾ? ನನಗೇನು ತಲೆ ಕೆಟ್ಟಿದೆಯಾ?”

ಅಮ್ಮ ನನ್ನ ಮಾತನ್ನೇ ಒಪ್ಪಿಕೊಂಡರು. ನಾನು ಓದಿದವನು, ಕಣ್ಣಿನಿಂದ ನೋಡಿದ್ದನ್ನು ಮಾತ್ರ ಹೇಳುವವನು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅವರನ್ನು ಹಾಗೆ ನಂಬಿಸಿದವನೂ ನಾನೇ.

ರೈಲ್ವೆ ಪೊಲೀಸರಿಗೂ ಅದೇ ಹೇಳಿದೆ. ಲಂಗದ ಬಣ್ಣ, ಡಬ್ಬಿ ಎಲ್ಲಿ ನಿಂತಿತ್ತು, ಗಾಡಿ ಎಷ್ಟು ಹೊತ್ತಿಗೆ ಬಿಟ್ಟಿತು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಹೇಳಿದೆ. ಹವಾಲ್ದಾರ ಬರೆದುಕೊಂಡು, “ಸಾಹೇಬ್, ತುಮ್ಹಿ ಬರೋಬರ್ ಸಾಂಗಿತಲಂತ್,” ಸರಿಯಾಗಿ ಹೇಳಿದಿರಿ, ಎಂದು ಮೆಚ್ಚಿದ. ಅವನು ಒಳ್ಳೆಯವನು. ನನ್ನ ಮಾತು ನಂಬಿ ಸ್ಟೇಷನ್‌ನಿಂದ ಸ್ಟೇಷನ್‌ಗೆ ಸುದ್ದಿ ಕಳಿಸಿದ. ಠಾಣೆ, ಮುಲುಂಡ್, ಘಾಟ್‌ಕೋಪರ್, ಅದೇ ಗಾಡಿ ಮುಂದೆ ಹೋದ ದಾದರ್. ಒಂದು ಹಳದಿ ಲಂಗದ ಮಗು ಇಲ್ಲದ ಕಡೆಯಲ್ಲೆಲ್ಲ ಹುಡುಕಾಟ ಶುರುವಾಯಿತು.

ಅಮ್ಮನನ್ನು ಇಂಡಿಕೇಟರ್ ಕೆಳಗೆ ಕೂರಿಸಿ, ವಿಮಲಾ ದಾದರ್ ಕಡೆಗೆ ಹೋದಳು. ನಾನು ಕಲ್ಯಾಣದ ಗಾಡಿ ಹತ್ತಿದೆ. ಬಾಗಿಲಲ್ಲೇ ನಿಂತೆ. ಪಕ್ಕದ ಹಳಿಗಳನ್ನೇ ನೋಡುತ್ತಿದ್ದೆ. ಹಳಿಗಳ ನಡುವೆ ಬಿದ್ದ ಹಳದಿ ಕಾಗದ, ಹಳದಿ ಬಾಳೆಹಣ್ಣಿನ ಸಿಪ್ಪೆ, ಯಾರೋ ಒಣಗಲು ಹಾಕಿದ ಹಳದಿ ಬಟ್ಟೆ. ಒಂದೊಂದನ್ನೂ ಹೊರಗೆ ಬಾಗಿ ನೋಡುತ್ತಿದ್ದೆ. ಈ ಊರಿನಲ್ಲಿ ಎಷ್ಟು ಹಳದಿ ಇದೆ ಎಂದು ನಾನು ಅದುವರೆಗೆ ಗಮನಿಸಿರಲಿಲ್ಲ. ಕಳವಾ ದಾಟಿದ ಮೇಲೆ ಸುರಂಗ ಬಂತು. ಆ ಕತ್ತಲೆಯಲ್ಲಿ ಮಕ್ಕಳು ಯಾವಾಗಲೂ ಕಿರುಚುತ್ತಾರೆ. ಅವತ್ತೂ ಯಾವುದೋ ಮಕ್ಕಳು ಸಂತೋಷದಿಂದ ಕಿರುಚಿದವು. ನಾನು ಕಂಬಕ್ಕೆ ಹಣೆ ಒತ್ತಿ ನಿಂತೆ.

ಕಲ್ಯಾಣದ ಎಲ್ಲ ಪ್ಲಾಟ್‌ಫಾರ್ಮ್‌ಗಳನ್ನೂ ಎರಡೆರಡು ಸಲ ನೋಡಿದೆ. ಟೀ ಸ್ಟಾಲಿನವನನ್ನು ಕೇಳಿದೆ. ಹಮಾಲರನ್ನು ಕೇಳಿದೆ. ಹೆಂಗಸರ ವೇಟಿಂಗ್ ರೂಮಿನ ಹೊರಗೆ ನಿಂತು ಅವಳ ಹೆಸರು ಕೂಗಿದೆ. ಮೈಕಿನಲ್ಲಿ ಅವಳ ಹೆಸರನ್ನು ‘ಚಿತ್ತರಾ’ ಎಂದು ಮೂರು ಸಲ ಕರೆದರು. ಸಿಗ್ನಲ್ ಕ್ಯಾಬಿನ್ನಿನ ಹತ್ತಿರ ಒಬ್ಬ ಪೊಲೀಸಿನವನು ನನ್ನ ಭುಜ ಮುಟ್ಟಿ ಬದಿಗೆ ಕರೆದ. ಅವನು ದನಿ ಇಳಿಸಿದ ರೀತಿಯಲ್ಲೇ ನನಗೆ ಅರ್ಥವಾಯಿತು. ಗಾಡಿಯಿಂದ ಬಿದ್ದ ಒಂದು ಹುಡುಗಿಯನ್ನು ಮಧ್ಯಾಹ್ನ ಊರಿನ ಆಸ್ಪತ್ರೆಗೆ ಒಯ್ದಿದ್ದಾರೆ. ಐದಾರು ವರ್ಷ. ಹೆಸರು ಗೊತ್ತಾಗಿಲ್ಲ. ಲಂಗದ ಬಣ್ಣ ಕೇಳಿದೆ. ಗೊತ್ತಿಲ್ಲ ಸಾಹೇಬ್, ನೀವೇ ಹೋಗಿ ನೋಡುವುದು ಒಳ್ಳೆಯದು ಎಂದ.

ಟಾಂಗಾದಲ್ಲಿ ಹೋದೆ. ಕುದುರೆ ಬಹಳ ನಿಧಾನ ಎನಿಸಿತು. ಅದು ಇನ್ನೂ ನಿಧಾನವಾಗಿ ಹೋಗಲಿ, ಎಂದೂ ತಲುಪದಿರಲಿ ಎಂದೂ ಅನ್ನಿಸಿತು.

ಮಕ್ಕಳ ವಾರ್ಡಿನ ಕೊನೆಯ ಮಂಚ. ತಲೆಗೆ, ಕಣ್ಣಿನವರೆಗೂ ಬ್ಯಾಂಡೇಜು. ಕತ್ತಿನವರೆಗೆ ಬಿಳಿ ಹೊದಿಕೆ. ಚಿತ್ರಾಳಷ್ಟೇ ಉದ್ದ. ನಾನು ಹತ್ತಿರ ಹೋಗಲಾರದೆ ಮೂರು ಮಂಚ ಆಚೆಯೇ ನಿಂತೆ. ನರ್ಸ್ ಮಲಯಾಳಿ, ವಯಸ್ಸಾದವರು. ‘ಆಯಿಯೇ, ದೇಖಿಯೇ’ ಎಂದು ನನ್ನ ಮೊಣಕೈ ಹಿಡಿದು ಕರೆದೊಯ್ದು ಹೊದಿಕೆಯಿಂದ ಮಗುವಿನ ಕೈ ಹೊರಗೆ ತೆಗೆದರು. ಹಸಿರು ಗಾಜಿನ ಬಳೆ. ಮೊಣಕೈಯ ಹತ್ತಿರ ಹಚ್ಚೆಯ ಚುಕ್ಕಿ.

ನನ್ನ ಮಗಳಲ್ಲ. ನನಗೆ ಆದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಮಗುವಿನ ಮಂಚದ ಪಕ್ಕದಲ್ಲಿ ನಿಂತು ನಾನು ನಕ್ಕೆ ಎಂದು ಕಾಣುತ್ತದೆ, ಏಕೆಂದರೆ ನರ್ಸ್ ನನ್ನ ಕಡೆ ವಿಚಿತ್ರವಾಗಿ ನೋಡಿದರು. ಮರುಕ್ಷಣ ನಾಚಿಕೆಯಾಯಿತು. ಅದರ ಮರುಕ್ಷಣ ಭಯ ಇಮ್ಮಡಿಯಾಗಿ ಬಂತು. ಇವಳು ಅಲ್ಲವಾದರೆ, ನಾನು ಹತ್ತಿಸಿದ ಮಗು ಆ ಡಬ್ಬಿಯಿಂದ ಎಲ್ಲಿ ಹೋಯಿತು? ಒಳಗಿನಿಂದ ಚಾಚಿದ ಆ ಹೆಂಗಸಿನ ಕೈ ಯಾರದು?

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ನಾಲ್ಕು ಗಂಟೆ ಮೀರಿತ್ತು. ಬೆಂಚಿನಲ್ಲಿ ಬೇರೆ ಜನರೂ ಇದ್ದರು, ಯಾರೆಂದು ನೋಡಲಿಲ್ಲ. ಅಲ್ಲಿ ನಾನು ಪ್ರಾರ್ಥಿಸಿದೆ. ನನಗೆ ಶ್ಲೋಕ ಬರುವುದಿಲ್ಲ, ಮಂತ್ರ ಬರುವುದಿಲ್ಲ. ಕೇಳಲು ನನ್ನ ಬಳಿ ಇದ್ದದ್ದು ಒಂದೇ. ಡಬ್ಬಿಯ ಬಾಗಿಲಿನ ಆ ಚಿತ್ರ ನಿಜವಾದರೆ ನನ್ನ ಮಗುವನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ. ಆದ್ದರಿಂದ ಹೀಗೆ ಕೇಳಿಕೊಂಡೆ: ಶಿವನೇ, ನಾನು ನೋಡಿದ್ದು ಸುಳ್ಳಾಗಲಿ.

ಜೀವಮಾನವೆಲ್ಲ ಕಣ್ಣಿಗೆ ಕಂಡದ್ದೇ ಸತ್ಯ ಎಂದು ವಾದಿಸಿದವನು ಕೇಳಿಕೊಂಡ ಮೊದಲ ವರ ಇದು.

ಆಗ ಆ ಪ್ರಶ್ನೆ. ಕೈ ಎಲ್ಲಿ ಬಿಟ್ಟೆ?

ಬೆಂಚಿನವರು ಯಾರಾದರೂ ಕನ್ನಡದವರಿದ್ದರೋ, ನಾನೇ ಗಟ್ಟಿಯಾಗಿ ಅಂದುಕೊಂಡೆನೋ, ಕುರ್ಲಾದಲ್ಲಿ ಅಮ್ಮ ಅಂದಿದ್ದ ಮಾತು ಬೇರೆ ರೂಪದಲ್ಲಿ ಮರಳಿತೋ, ಹೇಳಲಾರೆ. ಅಮ್ಮನನ್ನು ಆಮೇಲೆ ಕೇಳಿದೆ. ತಾನು ಆ ಮಾತು ಆಡಲಿಲ್ಲ ಎಂದರು. ಅವತ್ತು ಮಾತ್ರ ಅದು ಯಾರ ಮಾತು ಎಂದು ನಾನು ತಲೆ ಎತ್ತಿ ನೋಡಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕು ಎಂಬಂತೆ ನನ್ನ ಕೈಗಳನ್ನು ನೋಡಿಕೊಂಡೆ.

ಎಡಗೈಯಲ್ಲಿ ಅಭಿಷೇಕಕ್ಕೆ ಒಯ್ದಿದ್ದ ಖಾಲಿ ಹಿತ್ತಾಳೆ ತಂಬಿಗೆ ಇತ್ತು. ಬೆಳಗ್ಗೆಯಿಂದ ಅದನ್ನು ಕೆಳಗಿಟ್ಟಿರಲೇ ಇಲ್ಲ. ತಂಬಿಗೆಯ ಕೆಳಗೆ ನನ್ನ ಪ್ಯಾಂಟು ಕಾಣಿಸಿತು. ಎಡಗಾಲಿನ ಅಂಚು ಒಣಗಿದ ಹಾಲಿನಿಂದ ಗಡಸಾಗಿತ್ತು, ಒಂದು ಬಿಲ್ವದ ಎಲೆ ಅಂಟಿಕೊಂಡಿತ್ತು, ಹುಳಿ ವಾಸನೆ ಬರುತ್ತಿತ್ತು. ಬಲಗಾಲಿನ ಅಂಚು ಶುಭ್ರವಾಗಿತ್ತು.

ಪ್ರಯೋಗಾಲಯದಲ್ಲಿ ಹತ್ತು ವರ್ಷ ಕೆಲಸ ಮಾಡಿದವನಿಗೆ ಅಷ್ಟು ಸಾಕಾಯಿತು. ಹಾಲು ಬೆರೆತ ನೀರು ಇದ್ದದ್ದು ಒಂದೇ ಕಡೆ, ಸೋಮಸೂತ್ರದಲ್ಲಿ. ನಾನು ಅದನ್ನು ದಾಟಿದ್ದೇನೆ. ದಾಟುವಾಗ ಬಲಗಾಲಿನ ಪ್ಯಾಂಟನ್ನು ಎತ್ತಿ ಹಿಡಿದಿದ್ದೇನೆ, ಅದಕ್ಕೇ ಅದು ನೆನೆದಿಲ್ಲ. ಎಡಗೈಯಲ್ಲಿ ತಂಬಿಗೆ. ಹಾಗಾದರೆ ಎತ್ತಿದ್ದು ಬಲಗೈಯಿಂದ. ಬಲಗೈಯಲ್ಲಿ ಅದುವರೆಗೆ ಇದ್ದದ್ದು ಚಿತ್ರಾಳ ಕೈ.

ಆಗ ಎಲ್ಲ ನೆನಪಿಗೆ ಬಂತು. ಗುಡಿಯ ಹಿಂದಿನಿಂದ ಉತ್ತರದ ಗೋಡೆಯತ್ತ ಸುತ್ತಿಕೊಂಡು ಬಂದಿದ್ದೆವು. ಮುಂದೆ ನೀರು, ಹಿಂದೆ ಜನ. ಅವಳು ನನ್ನ ಕೈ ಜಗ್ಗಿ, “ಅಪ್ಪಾ, ಹಿಂದೆ ಹೋಗ್ಬೇಕು, ಅಜ್ಜಿ ಬೈತಾರೆ,” ಅಂದಿದ್ದಳು. ಹಿಂದೆ ಹೋಗಿ ಮತ್ತೆ ಇಡೀ ಗುಡಿ ಸುತ್ತಲು ನನಗೆ ತಾಳ್ಮೆಯಿರಲಿಲ್ಲ. ಒಂದು ಹೆಜ್ಜೆ ಹಾಕಿದರೆ ಮುಗಿಯುತ್ತದೆ ಎಂದು ಅವಳ ಕೈ ಬಿಟ್ಟು, ಪ್ಯಾಂಟು ಎತ್ತಿ ದಾಟಿದೆ. ತಿರುಗಿ ನೋಡಿದಾಗ ಹಳದಿ ಲಂಗ ಜನರ ನಡುವೆ ಹಿಂದಕ್ಕೆ ಓಡುತ್ತಿತ್ತು. ಅಜ್ಜಿಯ ಹತ್ತಿರ ಹೋದಳು ಎಂದುಕೊಂಡೆ. ಹೆಂಗಸರ ಸಾಲು ಆ ಕಡೆಯೇ ಇತ್ತು. ಅಷ್ಟೇ. ಅವಳನ್ನು ಡಬ್ಬಿಗೆ ಹತ್ತಿಸಿದ್ದು ಪ್ರತಿ ಭಾನುವಾರ ತಿರುಗಾಡಲು ಹೊರಡುವಾಗ ಚೆಂಬೂರಿನಲ್ಲಿ, ಅವತ್ತು ಕಲ್ಯಾಣದಲ್ಲಲ್ಲ. ತಪ್ಪಿತಸ್ಥನಾದ ನನ್ನ ಮನಸ್ಸು ಎಷ್ಟೋ ಭಾನುವಾರಗಳಿಂದ ಒಂದನ್ನು ಹೆಕ್ಕಿ ತಂದು ನನ್ನ ಮುಂದೆ ಇಟ್ಟಿತ್ತು.

ಗುಡಿಗೆ ಹೋಗುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸಂಜೆಯ ಪೂಜೆಗೆ ಹೋಗುವ ಜನ ‘ಹರ ಹರ ಮಹಾದೇವ’ ಎನ್ನುತ್ತಿದ್ದರು. ಸಂಜೆಯ ಜನಸಂದಣಿ ಬೆಳಗ್ಗೆಯದಕ್ಕಿಂತ ಹೆಚ್ಚು. ಗುಡಿಯ ಹಿಂದೆ ಹಳ್ಳ. ಅವಳನ್ನು ಬಿಟ್ಟು ಆರು ಗಂಟೆಯಾಗಿತ್ತು. ಪ್ರಾರ್ಥನೆ ಫಲಿಸಿದೆ ಎಂಬ ಭಾವನೆ ನನಗೆ ಒಂದಿಷ್ಟೂ ಇರಲಿಲ್ಲ. ತಪ್ಪು ಜಾಗದಲ್ಲಿ ಆರು ಗಂಟೆ ಕಳೆದು ಸರಿಯಾದ ಜಾಗಕ್ಕೆ ತಡವಾಗಿ ಹೋಗುತ್ತಿದ್ದೇನೆ ಎಂಬುದಷ್ಟೇ ಗೊತ್ತಿತ್ತು. ಒಂದು ಮಗು ಎಷ್ಟು ಹೊತ್ತು ಒಂದು ಕಡೆ ನಿಲ್ಲುತ್ತದೆ? ಹಸಿವಾದಾಗ? ಯಾರಾದರೂ ‘ಬಾ, ನಿಮ್ಮಪ್ಪ ಕರೀತಾರೆ’ ಎಂದಾಗ?

ಮಹಾದ್ವಾರದಿಂದ ಒಳಗೆ ನುಗ್ಗಿ, ನಂದಿಯ ಪಕ್ಕದಿಂದ ಉತ್ತರದ ಗೋಡೆಯತ್ತ ಓಡಿದೆ. ಬಿಸಿಲು ಇಳಿದಿತ್ತು, ಇನ್ನೂ ದೀಪ ಹಚ್ಚಿರಲಿಲ್ಲ. ಜನರನ್ನು ಭುಜದಿಂದ ತಳ್ಳಿಕೊಂಡು ನೀರಿನ ಅಂಚಿಗೆ ಬಂದೆ.

ಅವಳು ನೀರಿನ ಆಚೆ ಬದಿಯಲ್ಲಿ ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ನಾನು ಕೈ ಬಿಟ್ಟ ಜಾಗ. ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ನಮ್ಮಿಬ್ಬರ ನಡುವೆ ಒಂದು ಮೊಳ ಅಗಲದ ನೀರು.

ನಾನು ಕಾಲು ಎತ್ತಿದೆ. ಅವಳು ಎದ್ದು ನಿಂತು, ಟ್ರಾಫಿಕ್ ಪೊಲೀಸಿನವನ ಹಾಗೆ ಅಂಗೈ ಮುಂದೆ ಚಾಚಿದಳು.

“ರುಕೋ ಅಪ್ಪಾ. ಕ್ರಾಸ್ ಮಾಡ್ಬೇಡ. ಆ ಕಡೆಯಿಂದ ಸುತ್ಕೊಂಡು ಬಾ.”

ಸುತ್ತಿಕೊಂಡು ಬರುವುದೆಂದರೆ ಬಂದ ದಾರಿಯಲ್ಲಿ ಹಿಂದಿರುಗಿ, ನಂದಿಯನ್ನು ಬಳಸಿ, ದಕ್ಷಿಣದ ಗೋಡೆ, ಹಿಂದಿನ ಗೋಡೆ, ಇಡೀ ಗುಡಿ. ಅಷ್ಟು ಹೊತ್ತು ಅವಳು ನನ್ನ ಕಣ್ಣಿಗೆ ಕಾಣುವುದಿಲ್ಲ. ಮಧ್ಯಾಹ್ನದಿಂದ ಹುಡುಕಿದ ಮಗುವನ್ನು ಮತ್ತೆ ಜನಸಂದಣಿಯಲ್ಲಿ ಬಿಟ್ಟು ಬೆನ್ನು ತಿರುಗಿಸಬೇಕು. ಕೈ ಚಾಚಿದರೆ ಸಿಗುತ್ತಿದ್ದಳು.

ನಾನು ಬೆನ್ನು ತಿರುಗಿಸಿದೆ. ಯಾಕೆ ಎಂದು ಕೇಳಿದರೆ ವೈಜ್ಞಾನಿಕವಾದ ಉತ್ತರ ನನ್ನ ಬಳಿ ಇಲ್ಲ. ಬೆಳಗ್ಗೆ ಒಮ್ಮೆ ದಾಟಿ ನೋಡಿದ್ದೆ. ಏನಾಯಿತೆಂದು ನೋಡಿಯೂ ಇದ್ದೆ. ಆ ಸುತ್ತನ್ನು ಓಡಿದ್ದು ಮಾತ್ರ ನನಗೆ ಪೂರ್ತಿ ನೆನಪಿದೆ. ಇದರಲ್ಲಿ ಅನುಮಾನವಿಲ್ಲ. ಕಾಲಿಗೆ ಚುಚ್ಚಿದ ಕಲ್ಲು, ಒಬ್ಬ ಮುದುಕ ‘ಸಾವಕಾಶ್, ಸಾವಕಾಶ್’ ಎಂದು ಬೈದದ್ದು, ಹಿಂದಿನ ಗೋಡೆಯ ಮೂಲೆ ತಿರುಗುವ ಮೊದಲು ಅವಳ ಹೆಸರು ಕೂಗಿದ್ದು. ಮೂಲೆ ತಿರುಗಿದರೆ ಅಲ್ಲಿ ಯಾರೂ ಇಲ್ಲದಿದ್ದರೆ ಎಂಬ ಆ ಕ್ಷಣದ ಭಯ, ಆಸ್ಪತ್ರೆಯ ಮಂಚದ ಹತ್ತಿರ ಆದ ಭಯಕ್ಕಿಂತ ದೊಡ್ಡದು.

ಅವಳು ಅಲ್ಲೇ ಇದ್ದಳು. ಎತ್ತಿಕೊಂಡೆ. ನಾನು ಅತ್ತೆ, ಅವಳು ಅಳಲಿಲ್ಲ. ಅವಳಿಗೆ ಕೋಪ ಬಂದಿತ್ತು.

“ಎಲ್ಲಿ ಹೋಗಿದ್ದೆ? ನೀನು ಕ್ರಾಸ್ ಮಾಡ್ದೆ, ಅದಕ್ಕೇ ಖೋ ಗಯಾ ನೀನು, ಕಳೆದುಹೋದೆ. ನಾನು ಸರಿಯಾಗೇ ಮಾಡ್ದೆ.”

ಅವಳು ಸರಿಯಾಗಿಯೇ ಮಾಡಿದ್ದಳು. ಬೆಳಗ್ಗೆ ಹಿಂದಿರುಗಿ ಇಡೀ ಗುಡಿ ಸುತ್ತಿ ನೀರಿನ ಇನ್ನೊಂದು ಬದಿಗೆ ಬಂದಿದ್ದಳು, ನಾನು ಅಲ್ಲಿರಲಿಲ್ಲ. ನಿಯಮದ ಪ್ರಕಾರ ಮತ್ತೆ ಹಿಂದಿರುಗಿ, ಕೈ ಬಿಟ್ಟ ಜಾಗಕ್ಕೇ ಬಂದು ನಿಂತಿದ್ದಳು. ಅಜ್ಜಿ ಹೇಳಿದ್ದೂ ಅದೇ, ಅಪ್ಪ ಹೇಳಿದ್ದೂ ಅದೇ. ಪಕ್ಕದಲ್ಲಿ ಬಿಲ್ವಪತ್ರೆ ಮಾರುತ್ತಿದ್ದ ಹೆಂಗಸು ಸಾಲಿನಲ್ಲಿರುವ ಯಾರದೋ ಮಗು ಎಂದುಕೊಂಡು ಬಾಳೆಹಣ್ಣು ಕೊಟ್ಟಿದ್ದಳು. ಕರೆದರೂ ಬರಲಿಲ್ಲ, ನೀರಿನ ಪಕ್ಕ ಬಿಟ್ಟು ಕದಲಲಿಲ್ಲ ಎಂದು ಆ ಹೆಂಗಸೇ ಹೇಳಿದಳು.

ಹೆದರಿಕೆ ಆಗಲಿಲ್ಲವೇ ಎಂದು ದಾರಿಯಲ್ಲಿ ಕೇಳಿದೆ.

“ಇಲ್ಲ. ಕಪ್ಪೆ ಇತ್ತಲ್ಲ.”

ಯಾವ ಕಪ್ಪೆ ಎಂದೆ. ನೀರಿನ ಬಾಯಿಯ ಕೆಳಗೆ ಒಂದು ಕಪ್ಪೆ ಇದೆ, ನೀರು ನಿಂತಾಗ ಮಾತ್ರ ಕಾಣುತ್ತದೆ, ಅದು ಎಲ್ಲೂ ಹೋಗದೆ ತನ್ನ ಜೊತೆಗೇ ಕುಳಿತಿತ್ತು ಎಂದಳು.

ಕುರ್ಲಾದಲ್ಲಿ ಅಮ್ಮ ಬೆಳಗ್ಗೆಯಿಂದ ಉಪವಾಸ, ಅದೇ ಇಂಡಿಕೇಟರ್ ಕೆಳಗೆ ನೆಲದ ಮೇಲೆ ಕುಳಿತಿದ್ದರು. ವಿಮಲಾ ಪಕ್ಕದಲ್ಲಿ, ಮಡಿಲಲ್ಲಿ ಚಪ್ಪಲಿ. ಚಿತ್ರಾ ನನ್ನ ಕೈ ಬಿಡಿಸಿಕೊಂಡು ಓಡಲು ನೋಡಿದಳು, ನಾನು ಬಿಡಲಿಲ್ಲ. ಮೂರು ಹೆಜ್ಜೆಯ ದೂರಕ್ಕೂ ಬಿಡಲಿಲ್ಲ. ನಡೆದದ್ದನ್ನು ಹೇಳಿ, ನಾನು ಹತ್ತಿಸಿದ್ದು ಸುಳ್ಳು ಎಂದೆ. ವಿಮಲಾ ನನ್ನ ಕಡೆ ನೋಡದೆ ಚಿತ್ರಾಳ ಕಾಲಿಗೆ ಚಪ್ಪಲಿ ತೊಡಿಸಿದಳು. ಅಮ್ಮ ಮಾತ್ರ, “ಸುಳ್ಳಲ್ಲ ಕಣೋ, ಮರೆವು. ಮರೆಸಿದವನೇ ನೆನಪು ಮಾಡಿಕೊಟ್ಟ,” ಎಂದರು. ಮರೆಸಿದ್ದು ನನ್ನ ಅಹಂಕಾರ ಎಂದು ನಾನು ತಿದ್ದಿದೆ. ಅದಕ್ಕೆ ಅಮ್ಮ, ಹಾಗಾದರೆ ನೆನಪು ಮಾಡಿಕೊಟ್ಟದ್ದನ್ನಾದರೂ ಅವನಿಗೆ ಬಿಡು ಎಂದರು.

ಬಿಟ್ಟಿದ್ದೇನೆ. ನನ್ನ ಬಳಿ ಬೇರೆ ವಿವರಣೆಗಳೂ ಇವೆ. ಹೆದರಿದ ಮನಸ್ಸು ತನಗೆ ತಾನೇ ಪ್ರಶ್ನೆ ಕೇಳಿಕೊಳ್ಳುತ್ತದೆ ಎಂದು ಪುಸ್ತಕಗಳಲ್ಲಿದೆ, ಓದಿದ್ದೇನೆ. ಆದರೂ ಒಂದು ಮಾತು: ನಾನು ಕೇಳಿಕೊಂಡದ್ದು ಮಗು ಸಿಗಲಿ ಎಂದಲ್ಲ, ನಾನು ನೋಡಿದ್ದು ಸುಳ್ಳಾಗಲಿ ಎಂದು. ಕೇಳಿದ್ದು ಅಕ್ಷರಶಃ ಸಿಕ್ಕಿತು. ಅಂದಿನಿಂದ ಪ್ರತಿ ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಒಂದು ತಂಬಿಗೆ ನೀರನ್ನು ಮನೆಯ ಪುಟ್ಟ ಲಿಂಗಕ್ಕೆ ನಾನೇ ಎರೆಯುತ್ತೇನೆ. ಅನುಮಾನಪಡುವುದನ್ನು ಬಿಟ್ಟಿಲ್ಲ, ಅನುಮಾನದ ಸಾಲಿನಲ್ಲಿ ಈಗ ಮೊದಲು ನಿಲ್ಲುವವನು ನಾನು, ದೇವರಲ್ಲ. ನನ್ನ ಮಗಳನ್ನು ಆರು ಗಂಟೆ ಕಾದು ಕೊಟ್ಟವನಿಗೆ ಕೃತಜ್ಞತೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು, ಕ್ಷಮಿಸಬೇಕು.

ಆಸ್ಪತ್ರೆಯ ಆ ಇನ್ನೊಂದು ಮಗುವಿಗಾಗಿಯೂ ಅಮ್ಮ ದೀಪ ಹಚ್ಚುತ್ತಿದ್ದರು. ಮುಂದಿನ ವಾರ ಹೋಗಿ ವಿಚಾರಿಸಿದಾಗ, ಮನೆಯವರು ಬಂದರು, ಮಗು ಮಾತಾಡುತ್ತಿದೆ ಎಂದು ಅದೇ ನರ್ಸ್ ಹೇಳಿದರು.

ಉಳಿದದ್ದು ಕಪ್ಪೆ. ಅದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ಗುಡಿಯ ಪೂಜೆ ಮಾಡುವ ಗುರವನನ್ನು ಅಮ್ಮ ಒಮ್ಮೆ ಕೇಳಿದರು; ತನ್ನ ಅಜ್ಜನ ಕಾಲದಿಂದ ಇಲ್ಲಿ ಅಂಥ ಕಪ್ಪೆ ನೋಡಿಲ್ಲ ಎಂದು ಅವನು ನಕ್ಕ. ಒಂಟಿಯಾದ ಮಗು ಜೊತೆಗೊಂದು ಕಪ್ಪೆಯನ್ನು ಕಲ್ಪಿಸಿಕೊಂಡಿದೆ, ತಂದೆಯ ಹಾಗೆಯೇ ಮಗಳು ಎಂದು ನಾನೂ ನಕ್ಕಿದ್ದೆ. ಚಿತ್ರಾಳೂ ದೊಡ್ಡವಳಾದಂತೆ, ಹಾಗೆ ಅಂದಿದ್ದೆನಾ ಎಂದು ಕೇಳತೊಡಗಿದಳು. ಆದರೂ ಆ ಆರು ಗಂಟೆಯೂ ಅವಳು ನಿಜವಾಗಿ ಅಲ್ಲೇ ಇದ್ದಳೇ, ಅಥವಾ ಯಾರಾದರೂ ಎಲ್ಲಿಗಾದರೂ ಕರೆದೊಯ್ದು ಮತ್ತೆ ತಂದು ಬಿಟ್ಟರೇ ಎಂಬ ಭಯ ನನ್ನನ್ನು ರಾತ್ರಿ ಎಷ್ಟೋ ಸಲ ಎಬ್ಬಿಸಿ ಕೂರಿಸಿದೆ. ಹೋದ ವರ್ಷ, ೧೯೯೨ರಲ್ಲಿ, ಹಬ್ಬವಲ್ಲದ ಒಂದು ಸೋಮವಾರ ರಜೆ ಹಾಕಿ ಒಬ್ಬನೇ ಹೋದೆ. ಗುರವ ನೈವೇದ್ಯಕ್ಕೆಂದು ಅಭಿಷೇಕ ನಿಲ್ಲಿಸುವವರೆಗೆ ಕಾದೆ. ನೀರು ನಿಂತ ಮೇಲೆ, ನಾನು ಕೈ ಬಿಟ್ಟ ಜಾಗದಲ್ಲಿ, ದಾಟದೆ, ಆರು ವರ್ಷದ ಮಗುವಿನ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ಟಾರ್ಚು ಹಾಕಿ ನೋಡಿದೆ. ಕಲ್ಲಿನ ಬಾಯಿಯ ಕೆಳತುಟಿಯ ಅಡಿಯಲ್ಲಿ, ಪಾಚಿಯ ನಡುವೆ, ಹೆಬ್ಬೆರಳಿನಷ್ಟು ಗಾತ್ರದ ಒಂದು ಕಪ್ಪೆಯನ್ನು ಕೆತ್ತಿದ್ದಾರೆ. ನಿಂತರೆ ಕಾಣುವುದಿಲ್ಲ. ನೀರು ಹರಿಯುವಾಗ ಕಾಣುವುದಿಲ್ಲ. ಸುತ್ತಿಕೊಂಡು ಆಚೆ ಬದಿಗೆ ಹೋಗಿ ನೋಡಿದೆ, ಅಲ್ಲಿಂದಲೂ ಕಾಣುವುದಿಲ್ಲ.